ತವರಿನ ಬಳ್ಳಿಗೆ ಇಟ್ಟ ಕತ್ತರಿ

ನಮ್ಮತ್ತೆಯ ದ್ರಾಕ್ಷಿ ಬಳ್ಳಿಯನ್ನು ಕಡಿದವಳು ನಾನೇ. ಲೈನ್‌ಮನ್ ರಾಜಣ್ಣನಂತೂ ಅಲ್ಲವೇ ಅಲ್ಲ — ನಾನು. ಅಬ್ಬಾ, ಹೇಳಿಯಾಯಿತು!

ದೊಡ್ಡಬಳ್ಳಾಪುರದ ಕಡೆಯ ತವರಿನಿಂದ ಅತ್ತೆ ಒಂದು ಕಡ್ಡಿ ತಂದು ಚಾಮರಾಜಪೇಟೆಯ ನಮ್ಮ ಹಿತ್ತಲಲ್ಲಿ ನೆಟ್ಟಿದ್ದರು. ಅದು ಮಹಡಿ ಹತ್ತಿತು, ಬಟ್ಟೆ ಒಣಹಾಕುವ ಹಗ್ಗ ಹಿಡಿಯಿತು, ಹಪ್ಪಳಕ್ಕೆ ಚೂರು ಬಿಸಿಲು ಬಿಡಲಿಲ್ಲ. ಹಣ್ಣು ಮಾತ್ರ — ಒಂದೂ ಇಲ್ಲ. ಕತ್ತರಿ ಆಡಿಸೋಣವೆಂದರೆ, "ತವರಿನ ಬಳ್ಳಿಗೆ ಕಬ್ಬಿಣ ತಾಗಿಸ್ಬಾರ್ದು ಕಣೆ" ಅನ್ನುತ್ತಿದ್ದರು.

ಕೋವಿಡ್ ಬರುವ ಹಿಂದಿನ ವರ್ಷ, ದಸರೆ ಮುಗಿದ ಮೇಲೆ, ಅವರು ತಮ್ಮನ ಮನೆಗೆ ಹೋಗಿದ್ದರು. ಒಗೆದ ಸೀರೆಯ ಮೇಲೆ ಪಾರಿವಾಳ ಗಲೀಜು ಮಾಡಿದ್ದೇ ನೆಪ — ಕತ್ತರಿ ಹಿಡಿದೆ. ಒಂದೇ ಕೊಂಬೆ ಅಂದುಕೊಂಡವಳು... ಕೈ ನಿಲ್ಲಲಿಲ್ಲ. ಬೋಳು ಕಾಂಡ, ನಾಲ್ಕು ಮೋಟು ರೆಂಬೆ ಉಳಿದವು.

ಮರಳಿ ಬಂದ ಅತ್ತೆ ಅಲ್ಲೇ ಕುಸಿದು ಕೂತರು. "ನನ್ ತವರೇ ಹೋಯ್ತಲ್ಲೇ!"

ಆಗಲಾದರೂ ಹೇಳಬಹುದಿತ್ತು. ನಾಲಿಗೆ ಹೊರಳಿದ್ದೇ ಬೇರೆ — "ಕರೆಂಟ್ ತಂತಿಗೆ ತಾಗ್ತಿತ್ತಂತೆ, ರಾಜಣ್ಣ ಕಡಿದ್ಬಿಟ್ಟ." ನಮ್ಮ ಗೇಟಿನಲ್ಲಿ ನಿಂತು ಅತ್ತೆಯ ಕೈಯಿಂದ ಮಜ್ಜಿಗೆ ಕುಡಿದು ಹೋಗುತ್ತಿದ್ದ ಮನುಷ್ಯ ಅವನು. ಅತ್ತೆ ಅವನನ್ನು ಹಿಡಿದು ಕೇಳಿದಾಗ, "ನಾನಲ್ಲಮ್ಮ, ನಿಮ್ಮಾಣೆ" ಅಂದ. ಅತ್ತೆ ಮುಖಕ್ಕೇ ಗೇಟು ಹಾಕಿದರು. ಆಮೇಲೆ ಅವನು ತಲೆ ತಗ್ಗಿಸಿಕೊಂಡೇ ನಮ್ಮ ಬೀದಿ ದಾಟುತ್ತಿದ್ದ.

ತಮಾಷೆ ನೋಡಿ — ಶಿವರಾತ್ರಿಯ ಹೊತ್ತಿಗೆ ಅದೇ ಮೋಟುಗಳ ಚಿಗುರಲ್ಲಿ ಕಪ್ಪು ದ್ರಾಕ್ಷಿಯ ಗೊಂಚಲುಗಳು! ಕಡಿದರಷ್ಟೇ ದ್ರಾಕ್ಷಿ ಬಿಡುವುದೆಂದು ನಮಗಿಬ್ಬರಿಗೂ ಆಗ ಎಲ್ಲಿ ಗೊತ್ತಿತ್ತು? "ತವರು ಕೈ ಬಿಡ್ಲಿಲ್ಲ" ಎಂದು ಅತ್ತೆ ಅತ್ತು, ಮೊದಲ ಹಣ್ಣನ್ನು ನನ್ನ ಬಾಯಿಗೇ ಇಟ್ಟರು. "ಸಿಹಿಯಾಗಿದೆ ಅತ್ತೆ" ಅಂದುಬಿಟ್ಟೆ ನಾನು.

ಮತ್ತೆ ಕತ್ತರಿ ಕಾಣದ ಬಳ್ಳಿ ವರ್ಷ ವರ್ಷಕ್ಕೆ ಬರೀ ಸೊಪ್ಪಾಯಿತು. ಈ ದಸರೆ ಕಳೆದ ಮೇಲೆ ಅತ್ತೆ, "ಯಾರ ಕಣ್ಣು ಬಿತ್ತೋ, ಹಣ್ಣೇ ಇಲ್ವಲ್ಲೇ" ಎಂದು ಕೊರಗಿದಾಗ — ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಕಡಿದಿದ್ದು ನಾನು. ಕಡಿದಿದ್ದಕ್ಕೇ ಅದು ಹಣ್ಣು ಬಿಟ್ಟಿದ್ದು."

ಅವರು ಹಣೆ ಹಣೆ ಚಚ್ಚಿಕೊಂಡರು. ಆಮೇಲೆ, "ಅಯ್ಯೋ ಪಾಪಿ! ಆ ರಾಜಣ್ಣಂಗೆ ಎಷ್ಟು ಶಾಪ ಹಾಕಿದೀನೇ... ಮೊದ್ಲು ಅವ್ನನ್ನ ಕರ್ಕೊಂಡ್ ಬಾ" ಎಂದರು.

ಕರೆತಂದೆ. ಗೇಟಿನಲ್ಲೇ, ಬೀದಿಯವರು ನೋಡುತ್ತಿದ್ದ ಹಾಗೆಯೇ, ತಪ್ಪು ಒಪ್ಪಿಕೊಂಡೆ. "ಬಿಡಿ ಅಕ್ಕಾ" ಅಂದ, ನನ್ನ ಮುಖ ನೋಡದೆ. ಅಷ್ಟು ಶಿಕ್ಷೆಯೂ ಬೇಡವೇ ನನಗೆ? ಆದರೂ ಎದೆಯ ಮೇಲಿನ ಕಲ್ಲು ಇಳಿದಿತ್ತು.

ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು, ಲೋಟ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಕತ್ತರಿಯನ್ನು ಕೈಗಿಟ್ಟರು. ಕೊಂಬೆಯನ್ನು ತಾವೇ ಬಗ್ಗಿಸಿ ಹಿಡಿದರು.

"ಈ ಸಲ ನನ್ನೆದುರಿಗೇ ಕಡಿ."