ಹಿತ್ತಲಿನೊಳಗಿಂದ ಹೋಗುವ ಕಾಲುದಾರಿ

2004ರ ಬೇಸಿಗೆ ರಜೆಗೆ ನಾವು ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಿಂದ ಇಂಗ್ಲೆಂಡಿಗೆ ಹೋದೆವು. ಲಂಡನ್ ನೋಡಲಿಕ್ಕಲ್ಲ, ಹಳ್ಳಿ ನೋಡಲಿಕ್ಕೆ. ದಿನಾ ಫ್ರೀವೇಯಲ್ಲಿ ಮುಂದಿನ ಕಾರಿನ ಬಂಪರ್ ನೋಡಿ ನೋಡಿ ನನ್ನ ಗಂಡನಿಗೆ ಹಸಿರಿನ ಹುಚ್ಚು ಹಿಡಿದಿತ್ತು. ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ನಡುವೆ ಒಂದು ಕಲ್ಲಿನ ಕಾಟೇಜನ್ನು ವಾರದ ಮಟ್ಟಿಗೆ ಬಾಡಿಗೆ ಹಿಡಿದರು. ಇಂಟರ್ನೆಟ್ಟಿನ ಫೋಟೋದಲ್ಲಿ ಅದು ಬಂಗಲೆಯಂತೆ ಕಂಡಿತ್ತು. ತೆಗೆದವನು ನೆಲದ ಮೇಲೆ ಅಂಗಾತ ಮಲಗಿ ತೆಗೆದಿರಬೇಕು. ಬಾಗಿಲುಗಳು ಎಷ್ಟು ಗಿಡ್ಡವೆಂದರೆ, ಯಾರ ಮುಂದೂ ತಲೆಬಾಗದ ನನ್ನ ಗಂಡ ಒಂದು ಲೋಟ ನೀರಿಗಾಗಿ ಅಡುಗೆಮನೆಗೆ ನಮಸ್ಕರಿಸಿಕೊಂಡೇ ಹೋಗಬೇಕಿತ್ತು.

ಮರುದಿನ ಬೆಳಿಗ್ಗೆ ಮಗಳನ್ನೂ ಕರೆದುಕೊಂಡು ನಡೆಯಲು ಹೊರಟೆವು. ಅವಳಿಗೆ ಆಗ ಹದಿಮೂರು. ನಡೆಯುವುದೆಂದರೆ ಶಿಕ್ಷೆ ಅನ್ನುವ ವಯಸ್ಸು. ‘ಪಬ್ಲಿಕ್ ಫುಟ್‌ಪಾತ್’ ಎಂಬ ಮರದ ಬೋರ್ಡು ತೋರಿಸಿದ ಕಡೆ ಹೋಗುತ್ತ ಹೋಗುತ್ತ ಒಂದು ಮನೆಯ ಹಿತ್ತಲ ಗೇಟಿಗೆ ಬಂದು ನಿಂತೆವು. ಬಾಣದ ಗುರುತು ಒಳಗೇ ತೋರಿಸುತ್ತಿತ್ತು.

“ಇದು ಯಾರದೋ ಹಿತ್ತಲ ಐತಿ. ಕಾಲಿಟ್ರ ಗುಂಡ ಹಾರಸ್ತಾರ,” ಎಂದರು ಗಂಡ.

“ಇದು ಅಮೆರಿಕಾ ಅಲ್ರೀ. ಬೋರ್ಡ್ ನೋಡ್ರಿ.”

“ಜಸ್ಟ್ ಗೋ, ಡ್ಯಾಡ್,” ಎಂದಳು ಮಗಳು.

ಆ ದೇಶದಲ್ಲಿ ಹಳೆಯ ಕಾಲುದಾರಿ ಯಾರ ಜಮೀನಿನಲ್ಲಿ ಹಾಯ್ದರೂ ಜನರಿಗೆ ಅದು ಮುಕ್ತವಂತೆ. ಅದು ನಮಗೆ ಆಮೇಲೆ ಗೊತ್ತಾಯಿತು. ಒಳಗೆ ಒಬ್ಬ ಮುದುಕ ಬರೀ ಚಡ್ಡಿ, ತಲೆಗೊಂದು ಹ್ಯಾಟು, ಇಷ್ಟರಲ್ಲೇ ಬೀನ್ಸ್ ಬಳ್ಳಿಗೆ ನೀರು ಹಾಕುತ್ತಿದ್ದ. ಗಂಡ ಎರಡೂ ಕೈ ಮೇಲೆತ್ತಿ “ಸಾರಿ ಸರ್, ಸಾರಿ ಸರ್” ಎಂದರು, ಪೊಲೀಸರು ಹಿಡಿದವರ ಹಾಗೆ. ಎಲ್ಲಿ ನೋಡಬೇಕೋ ತಿಳಿಯದೆ ನಾನು ಬೀನ್ಸ್ ನೋಡಿದೆ. ಒಳ್ಳೆಯ ಎಳೆ ಬೀನ್ಸ್. ಮುದುಕನಿಗೆ ಮಾತ್ರ ಯಾವ ನಾಚಿಕೆಯೂ ಇರಲಿಲ್ಲ. ಪೈಪಿನಿಂದಲೇ ಆಚೆ ಗೇಟು ತೋರಿಸಿ, “ಅಲ್ಲಿ ದನಗಳಿವೆ. ಓಡಬೇಡಿ, ಓಡಿದರೆ ಅವೂ ಓಡುತ್ತವೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಗೇಟು ದಾಟಿದರೆ ಹುಲ್ಲುಗಾವಲು, ಅದರ ತುಂಬ ಕಡಸುಗಳು, ಇನ್ನೂ ಕರು ಹಾಕದ ಹರೆಯದ ಹಸುಗಳು. ನಮ್ಮನ್ನು ಕಂಡದ್ದೇ ಮೂಗು ಚಾಚಿಕೊಂಡು ಬಂದವು. ಸೆರಿಟೋಸ್ ಮನೆಯ ಗೃಹಪ್ರವೇಶಕ್ಕೆ ಹಸು ಸಿಗದೆ, ಬೆಳ್ಳಿಯ ಗೋಮಾತೆಯನ್ನು ಎದೆಗವಚಿಕೊಂಡು ಭಕ್ತಿಯಿಂದ ಹೊಸ್ತಿಲು ದಾಟಿದ್ದ ನನ್ನ ಗಂಡ, ಉಸಿರಾಡುವ ಗೋಮಾತೆಯರನ್ನು ಕಂಡು ಓಟ ಕಿತ್ತರು. ಕಡಸುಗಳೂ ಖುಷಿಯಿಂದ ಹಿಂದೆ ಓಡಿದವು. ಕಲ್ಲಿನ ಗೋಡೆ ಹಾರಿ ಅವರು ಆಚೆ ಬಿದ್ದದ್ದು ಮುಟ್ಟಿದರೆ ಉರಿಯೇಳುವ ತುರಚಿ ಗಿಡಗಳ ಮೇಲೆ.

“ಅಯ್ಯಯ್ಯೋ, ಸತ್ನೆಲೇ!”

“ಹಾವ ಕಡೀತೇನ್ರೀ?” ಎಂದು ನಾನು ಕೂಗಿದೆ.

“ಹಾವಲ್ಲ, ಗಿಡ! ಗಿಡ ಕಡೀತು!”

ನಿಂತೇ ಇದ್ದ ನಮ್ಮಿಬ್ಬರಿಗೆ ಕಡಸುಗಳು ಏನೂ ಮಾಡಲಿಲ್ಲ. ಒಂದು ಬಂದು ಮಗಳ ತೋಳು ನೆಕ್ಕಿತು. “ಇಟ್ಸ್ ಲೈಕ್ ಸ್ಯಾಂಡ್‌ಪೇಪರ್!” ಎಂದು ಕಿರುಚಿ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ತಿಂಗಳಾಗಿತ್ತು.

ಗಂಡನನ್ನು ಮುದುಕನ ಹಿತ್ತಲಿಗೇ ವಾಪಸ್ ಕರೆತಂದೆವು. ಅಷ್ಟರಲ್ಲಿ ಅವನು ನಮ್ಮ ಮರ್ಯಾದೆಗೆಂದು ಪ್ಯಾಂಟು ಏರಿಸಿದ್ದ, ಶರ್ಟು ಮಾತ್ರ ಇನ್ನೂ ಬಂದಿರಲಿಲ್ಲ. ಉರಿಗೆ ಉಜ್ಜಿಕೊಳ್ಳಲು ಯಾವುದೋ ಅಗಲದ ಎಲೆ ಕೊಟ್ಟ, ಚಹಾ ಕೊಟ್ಟ. “ನಿಮ್ಮ ಇಂಡಿಯಾದಲ್ಲಿ ದನಗಳು ಬೀದಿಯಲ್ಲೇ ಇರುತ್ತವಂತಲ್ಲ?” ಎಂದು ವಿಚಾರಿಸಿದ. ಗಂಡ ಕೈ ಕೆರೆದುಕೊಂಡರು.

ಆಶ್ಚರ್ಯವೆಂದರೆ, ಉಳಿದ ದಿನಗಳಲ್ಲಿ ಅವರಿಗೆ ಪರರ ಹಿತ್ತಲು ಹಾಯುವ ರುಚಿಯೇ ಹತ್ತಿತು. ಎಲ್ಲಿ ಬಾಣದ ಗುರುತು ಕಂಡರೂ ನುಗ್ಗುವರು. ಒಣಹಾಕಿದ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ, ತಿಂಡಿ ತಿನ್ನುತ್ತಿದ್ದವರಿಗೆ ಗುಡ್ ಮಾರ್ನಿಂಗ್ ಹೇಳಿ ದಾಟುವರು.

ಆ ಚಳಿಗಾಲ, ಕ್ಯಾಲಿಫೋರ್ನಿಯಾಕ್ಕೆ ಮರಳಿದ ಮೇಲೆ, ಡೆಲ್ ಮಾರ್‌ನಲ್ಲಿ ಗೆಳೆಯರ ಮನೆ ಊಟಕ್ಕೆ ಹೋದಾಗ ಗಂಡ ಈ ಕಥೆ ಹೇಳಿದರು. ಅದರಲ್ಲಿ ಒಂದು ಗೂಳಿ ಇತ್ತು, ಹೆಂಡತಿ ಮಗಳನ್ನು ಕಾಯಲು ಅಡ್ಡ ನಿಂತ ಗಂಡಸಿದ್ದ. ನಾನು ಚಪಾತಿ ಮುರಿಯುತ್ತಿದ್ದೆ.

“ದೇ ವರ್ ಗರ್ಲ್ಸ್, ಡ್ಯಾಡ್,” ಎಂದಳು ಮಗಳು. “ಟೀನೇಜರ್ಸ್.”

“ಅದಕ್ಕ ಹೆದರಿದ್ದೆ, ಯವ್ವಾ,” ಎಂದು ಅವರು ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡರು.