ಅರವತ್ತು ದಿನದ ವಿಶ್ರಾಂತಿ

ಗಫಾರ್ ಚಾಚಾ, ಬಾದಲ್ ಕುದುರೆಯ ವಂಶ ನಿಲ್ಲಿಸಿದ್ದು ನಿಮ್ಮ ಕೈಯಲ್ಲ, ನನ್ನದು. ಒಂಬತ್ತು ವರ್ಷ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಓಡಾಡಿದ್ದೇನೆ. ಶಿವಾಜಿನಗರದಲ್ಲಿ ನಿಮ್ಮ ಗಲ್ಲಿ ಹತ್ತಿರ ಬಂದರೆ ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದೆ.

ಕೆ.ಆರ್. ಪುರದ ಆಚೆಗಿನ ಆ ಲಾಯ ನೀವು ಮರೆತಿರಲಾರಿರಿ. ಹೊಲ ಮಾರಿ ಕುದುರೆ ಕಟ್ಟಿದ ಗೌಡರು ಯಜಮಾನರು, ನೀವು ಕುದುರೆ ನೋಡಿಕೊಳ್ಳುವವರು, ನಾನು ಇಂದಿರಾನಗರದಲ್ಲಿ ಹೊಸದಾಗಿ ಬೋರ್ಡು ಹಾಕಿಕೊಂಡಿದ್ದ ಪಶುವೈದ್ಯೆ. ಗೌಡರಿಗೆ ಬಾದಲ್‌ನಿಂದ ಎರಡೂ ಬೇಕಿತ್ತು — ಬಿಸಿಲೇರುವ ತನಕ ಪಂದ್ಯದ ತಾಲೀಮು, ಆಮೇಲೆ ಹೆಣ್ಣು ಕುದುರೆಗಳು. ಆ ಬೇಸಿಗೆ ಮೂರು ಹೆಣ್ಣು ಕುದುರೆಗಳಲ್ಲಿ ಒಂದೂ ಗಬ್ಬವಾಗಲಿಲ್ಲ. ವೀರ್ಯ ಪರೀಕ್ಷೆ ಮಾಡಿ ಎಂದು ನನಗೆ ಹೇಳಿಕಳಿಸಿದರು.

ನಾನು ಹೋದಾಗ ಬಾದಲ್ ಓಟ ಮುಗಿಸಿ ಆಗಷ್ಟೇ ಬಂದಿತ್ತು, ಮೈಯೆಲ್ಲ ನೊರೆಬೆವರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೀರ್ಯಾಣುಗಳೇ ಕಡಿಮೆ, ಇದ್ದವೂ ತೆವಳುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ನೀವು ಮೆಲ್ಲಗೆ ಅಂದಿರಿ: "ಬೇಟಿ, ಜಾನ್ವರ್ ಥಕ್ ಗಯಾ. ಬೀಜ ಕೆಟ್ಟಿಲ್ಲ, ಸುಸ್ತಾಗಿದೆ ಅಷ್ಟೇ. ಎರಡು ತಿಂಗಳು ಓಡಿಸ್ಬೇಡಿ, ಆಮೇಲೆ ನೋಡಿ."

ಸರಿಯಾದ ಮಾತು. ಕಾಲೇಜಿನಲ್ಲಿ ನಾನು ಓದಿದ್ದೂ ಅದನ್ನೇ — ಬಿಸಿಲಲ್ಲಿ ಓಡಿ ಓಡಿ ಮೈ ಕಾದರೆ, ದಣಿವಿನ ಮೇಲೆ ದಣಿವು ಬಿದ್ದರೆ ವೀರ್ಯ ಸೊರಗುತ್ತದೆ. ಹೊಸದು ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಆದರೆ ಗೌಡರು ನಕ್ಕುಬಿಟ್ಟರು. "ನೋಡಿ ಡಾಕ್ಟ್ರೇ, ಇನ್ಮೇಲೆ ಚಾಚಾನೇ ಇಂಜೆಕ್ಷನ್ ಕೊಡ್ತಾರೆ, ನೀವು ಬರೋದೇ ಬೇಡ." ತಮಾಷೆಗೆ ಅಂದದ್ದು. ನನಗೆ ಮೈಯೆಲ್ಲ ಉರಿಯಿತು. ಅಕ್ಷರ ಬಾರದ ಮುದುಕ ನನಗೆ ಪಾಠ ಹೇಳುವುದೇ ಎಂದು — ಹೌದು ಚಾಚಾ, ಮನಸ್ಸಿಗೆ ಬಂದದ್ದು ಇದೇ ಮಾತು.

ವರದಿಯ ಹಾಳೆಯಲ್ಲಿ 'ಪರೀಕ್ಷೆಗೆ ಮುಂಚಿನ ವಿಶ್ರಾಂತಿ' ಎಂಬ ಜಾಗವಿರುತ್ತದೆ. ಅಲ್ಲಿ ಅರವತ್ತು ದಿನ ಎಂದು ಬರೆದೆ. ಕುದುರೆಯ ಹೊಟ್ಟೆಯಿಂದ ಬೆವರು ಇನ್ನೂ ತೊಟ್ಟಿಕ್ಕುತ್ತಿತ್ತು. ಅಷ್ಟು ದಿನ ಸುಮ್ಮನಿದ್ದ ಕುದುರೆಯ ವೀರ್ಯವೇ ಹೀಗಿದ್ದರೆ ಅದು ಸಂತಾನಕ್ಕೆ ಬಾರದೆಂದೇ ಅರ್ಥ. ಗೌಡರು 'ಸಂತಾನಕ್ಕೆ ಯೋಗ್ಯವಲ್ಲ' ಎಂಬ ಕೊನೆಯ ಸಾಲು ಮಾತ್ರ ಓದಿದರು. ಅವರು ವಿಚಾರಿಸಿದ ಹಿರಿಯ ವೈದ್ಯರೊಬ್ಬರು ಕುದುರೆಯನ್ನು ನೋಡಲೇ ಇಲ್ಲ, ನನ್ನ ಹಾಳೆ ನೋಡಿ ಒಪ್ಪಿದರು. ಬೀಜ ತೆಗೆಸಿ ಪಂದ್ಯಕ್ಕೆ ಮಾತ್ರ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಹೀಗಾಗಲು ಕಾರಣವೇನು ಎಂದು ಗೌಡರು ಕೇಳಿದರು. ನೀವು ದಿನವೂ ಬಾದಲ್‌ಗೆ ಅಂಗೈಯಲ್ಲಿಟ್ಟು ತಿನ್ನಿಸುತ್ತಿದ್ದ ಮೆಂತ್ಯ-ಬೆಲ್ಲದ ಉಂಡೆ ನೆನಪಾಯಿತು — ನಿಮ್ಮ ತಂದೆ ಜಟಕಾ ಕುದುರೆಗಳಿಗೆ ಕೊಡುತ್ತಿದ್ದದ್ದು. "ಆ ಉಂಡೇಲಿ ಏನೇನು ಹಾಕ್ತಾರೋ ಯಾರಿಗೆ ಗೊತ್ತು" ಎಂದೆ. ಅಷ್ಟು ಸಾಕಾಯಿತು. ಅಂದೇ ನಿಮ್ಮನ್ನು ಕೆಲಸದಿಂದ ತೆಗೆದು ಕಳಿಸಿದರು. ಗೇಟಿನ ಹತ್ತಿರ ನೀವು ಅಂಗೈ ಬಿಚ್ಚಿ ತೋರಿಸಿದಿರಿ.

"ಈ ಕೈಯಿಂದಾನೇ ಆಯ್ತಾ, ಬೇಟಿ?"

ನಾನು ಬ್ಯಾಗಿನಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಬೇಸಿಗೆ ಕಳೆಯಲಿ, ಆಮೇಲೆ ಶಸ್ತ್ರಚಿಕಿತ್ಸೆ ಎಂದು ಕಾದೆವು. ನೀವಿಲ್ಲದೆ ಬಾದಲ್ ಯಾರನ್ನೂ ಬೆನ್ನೇರಲು ಬಿಡಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲ ನೆರಳಿನಲ್ಲಿ ಸುಮ್ಮನೆ ನಿಂತಿತು — ನೀವು ಕೇಳಿದ್ದ ವಿಶ್ರಾಂತಿ. ಇನ್ನೊಮ್ಮೆ ಪರೀಕ್ಷೆ ಮಾಡಬಹುದಿತ್ತು. ಹೊಳೆಯಲಿಲ್ಲ ಎಂದರೆ ಸುಳ್ಳು. ಸರಿ ಬಂದುಬಿಟ್ಟರೆ ಎಂಬ ಭಯಕ್ಕೆ ಮಾಡಲಿಲ್ಲ.

ಬೀಜ ತೆಗೆದೆ. ತೆಗೆದ ಮೇಲೆ — ಯಾಕೆ ನೋಡಬೇಕಿತ್ತೋ — ಅದಕ್ಕಂಟಿದ ನಾಳದಿಂದ ಒಂದು ಹನಿ ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ವೀರ್ಯಾಣುಗಳು ಎಣಿಸಲಾಗದಷ್ಟಿದ್ದವು. ಎಲ್ಲವೂ ಚುರುಕಾಗಿ, ಒಂದರ ಮೇಲೊಂದು ನುಗ್ಗುತ್ತ... ನನ್ನ ಹಿಂದೆ ಬಾದಲ್ ಮತ್ತಿನಿಂದ ಏಳಲು ಕಾಲು ಕೆದರುತ್ತಿತ್ತು. ನಾನು ನಲ್ಲಿಯ ಕೆಳಗೆ ಗಾಜು ತೊಳೆದೆ. ಬೇರೆ ಯಾರೂ ನೋಡಲಿಲ್ಲ.

ಹೋದ ವಾರ ನಿಮ್ಮ ಮಗ ಇಮ್ರಾನ್ ಕ್ಲಿನಿಕ್ಕಿಗೆ ಬಂದಿದ್ದ. "ಹಲಸೂರ್ ಹತ್ರ ಕುದುರೆ ನೋಡ್ಕೊಳೋ ಕೆಲಸ ಸಿಕ್ಕಿದೆ ಡಾಕ್ಟ್ರೇ. ಅಬ್ಬಾ ಬಿಡ್ತಿಲ್ಲ. ನಮ್ಮ ಕೈ ಒಳ್ಳೇದಲ್ಲ, ಮುಟ್ಟಿದ್ದಕ್ಕೆ ಮಕ್ಕಳಾಗಲ್ಲ ಅಂತಾರೆ. ನನ್ನ ಹೆಂಡ್ತಿಗೆ ಈಗ ಏಳು ತಿಂಗಳು. ಅವಳ ತಲೆ ಮೇಲೆ ಕೈಯಿಟ್ಟು ದುವಾ ಮಾಡಿ ಅಂದ್ರೂ ದೂರ ಹೋಗ್ತಾರೆ. ನೀವಾದ್ರೂ ಒಂದ್ ಮಾತು ಹೇಳಿ."

ಹೇಳುತ್ತೇನೆ ಎಂದು ಕಳಿಸಿ ಬಾಗಿಲು ಹಾಕಿಕೊಂಡೆ.

ನಾಳೆ ಬರುತ್ತೇನೆ. ಮೊದಲು ಗೌಡರ ಮನೆಗೆ ಹೋಗಿ ಅವರಿಗೆ ಹೇಳಿ, ಅಲ್ಲಿಂದ ನಿಮ್ಮಲ್ಲಿಗೆ. ಈ ಹಾಳೆ ನಿಮಗೆ ಓದಲು ಬಾರದು. ಮಗ, ಸೊಸೆ ಇಬ್ಬರ ಎದುರಿಗೂ ನಾನೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆಚೆ ಹಾಕಿದರೆ ಹೋಗುತ್ತೇನೆ. ಹಾಕುವ ಮುಂಚೆ, ಚಾಚಾ, ಆ ಹುಡುಗಿಯ ತಲೆಯ ಮೇಲೆ ಒಮ್ಮೆ ಕೈಯಿಡಿ.