ಮೀಟರಮ್ಮನ ಖಾಲಿ ರೀಲು

ಈ ಕಥೆ ಬರೆಯುವುದು ನಮ್ಮತ್ತೆಗೆ ಸುತರಾಂ ಇಷ್ಟವಿಲ್ಲ. "ಬರೆದ್ರೆ ಕೈ ಮುರೀತೀನಿ" ಅಂದಿದ್ದಾಳೆ. ಅವಳ ಮಾತಿಗೆ ಕಟ್ಟುಬಿದ್ದು ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇನ್ನು ಆಗುವುದಿಲ್ಲ. ಊರಿಗೆ ಊರೇ ಅವಳನ್ನು ಆಡಿಕೊಂಡು ನಕ್ಕಿದೆ. ಯಾರನ್ನು ನೋಡಿ ನಕ್ಕೆವು ಅನ್ನುವುದಾದರೂ ಅದಕ್ಕೆ ಗೊತ್ತಾಗಲಿ. ಕೈ ಮುರಿದರೆ ಮುರಿಯಲಿ, ಇನ್ನೊಂದು ಇದೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಹಲ್ಲಿನ ಡಾಕ್ಟರ ಮೆಟ್ಟಿಲಿಗೂ ನಡುವೆ ಅವಳ ಸ್ಟುಡಿಯೋ. ಕೊರಳಲ್ಲಿ ಸದಾ ಕಪ್ಪು ದಾರಕ್ಕೆ ಕಟ್ಟಿದ ಬೆಳಕಿನ ಮೀಟರು. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದು. ಎದುರಿಗೆ ಜೇನುಗೂಡಿನಂಥ ಗಾಜು, ಮೇಲೊಂದು ಸಣ್ಣ ಮುಳ್ಳು. ಸೆಲ್ಲು ಗಿಲ್ಲು ಏನೂ ಬೇಡ, ಬೆಳಕು ಬಿದ್ದರೆ ಮುಳ್ಳು ತಾನಾಗಿ ಏಳುತ್ತದೆ. ಅದು ಎಷ್ಟು ಎದ್ದಿತು ಅನ್ನುವುದನ್ನು ನೋಡಿ ಅವಳು ಕ್ಯಾಮೆರಾದ ಲೆಕ್ಕ ಹೊಂದಿಸುತ್ತಿದ್ದಳು. ಅದಕ್ಕೇ ಊರವರ ಬಾಯಲ್ಲಿ ಅವಳು ಮೀಟರಮ್ಮ.

ಅತ್ತೆ ಮದುವೆಯಾಗಲಿಲ್ಲ. ಅದಕ್ಕೂ ಒಂದು ಕಥೆ ಕಟ್ಟಿದ್ದರು: ನೋಡಲು ಬಂದ ಹುಡುಗನ ಮುಖಕ್ಕೆ ಮೀಟರ್ ಹಿಡಿದಳಂತೆ, ಮುಳ್ಳು ಅಲುಗಲಿಲ್ಲವಂತೆ, ಎದ್ದು ಒಳಗೆ ಹೋದಳಂತೆ. ಯಾರಾದರೂ ಅವಳೆದುರಿಗೇ ಇದನ್ನು ಹೇಳಿದರೆ ಅತ್ತೆ ತಿದ್ದುತ್ತಿದ್ದಳು. "ಸುಳ್ಳು. ಮುಳ್ಳು ಸ್ವಲ್ಪ ಅಲುಗಿತ್ತು. ಸಾಕಾಗಲಿಲ್ಲ."

ಅವಳ ಕ್ಯಾಮೆರಾ ಹಳೇ ಕಾಲದ್ದು, ಲೆನ್ಸು ಒಂದು ಕಡೆ, ನೋಡುವ ಕಿಂಡಿ ಇನ್ನೊಂದು ಕಡೆ. ಆ ಕಿಂಡಿಯಲ್ಲಿ ಮೊದಲು ಎದುರಿಗಿದ್ದವರ ಮುಖ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು, ಆಗ ಚಿತ್ರ ಸ್ಪಷ್ಟ. "ಸದ್ಯಕ್ಕೆ ನಿಮಗೆ ಎರಡು ಮೂಗು ಇದೆ. ಅಲುಗಬೇಡಿ, ಒಂದು ಮಾಡಿ ಕಳಿಸ್ತೀನಿ" ಅನ್ನುವುದು ಅವಳ ಮಾಮೂಲಿ ಡೈಲಾಗು. ಬಂದವರು ನಗುತ್ತಿದ್ದರು, ಆ ನಗುವಿನಲ್ಲೇ ಕ್ಲಿಕ್.

ನನಗೆ ಬುದ್ಧಿ ಬಂದಾಗಿನಿಂದ ಅವಳು ಕಲಿಸಿದ್ದು ಒಂದೇ ಪಾಠ, ಫಿಲ್ಮ್ ಹಾಕುವುದು. ಹಿಂಬಾಗಿಲು ತೆಗೆದು, ರೀಲಿನ ನಾಲಿಗೆಯನ್ನು ಎಳೆದು, ಆಚೆ ಕಡೆಯ ಸುರುಳಿಯ ಸೀಳಿಗೆ ಸಿಕ್ಕಿಸಬೇಕು. ಅಂಚಿನ ತೂತುಗಳಲ್ಲಿ ಹಲ್ಲುಗಳು ಕೂತಿವೆಯೇ ನೋಡಿ ಬಾಗಿಲು ಮುಚ್ಚಬೇಕು. ಆಮೇಲೆ ಮುಖ್ಯವಾದದ್ದು. ಕ್ಯಾಮೆರಾದ ಮೇಲಿನ ಪುಟ್ಟ ಹಿಡಿಕೆ, ಅಂದರೆ ಸನ್ನೆ, ಎಳೆದು ಫಿಲ್ಮ್ ಮುಂದಕ್ಕೆ ಸರಿಸುವಾಗ, ಕ್ಯಾಮೆರಾದ ಇನ್ನೊಂದು ತುದಿಯಲ್ಲಿರುವ ಗುಂಡಿ ತಾನಾಗಿ ತಿರುಗಬೇಕು. ತಿರುಗಿದರೆ ಒಳಗೆ ಫಿಲ್ಮ್ ಓಡುತ್ತಿದೆ ಎಂದರ್ಥ. ತಿರುಗದಿದ್ದರೆ ಫಿಲ್ಮ್ ಕಚ್ಚಿಕೊಂಡಿಲ್ಲ. ಆದರೂ ಶಟರ್ ಸದ್ದು ಮಾಡುತ್ತದೆ, ಫೋಟೋ ಎಣಿಸುವ ಮುಳ್ಳು ಮುಂದೆ ಹೋಗುತ್ತದೆ, ಏನೂ ಗೊತ್ತಾಗುವುದಿಲ್ಲ. "ಗುಂಡಿ ನೋಡದೆ ಕ್ಲಿಕ್ ಮಾಡಿದ್ರೆ ನೀನು ತೆಗೆದದ್ದು ಫೋಟೋ ಅಲ್ಲ ಕಣೇ, ಗಾಳಿ" ಅನ್ನುತ್ತಿದ್ದಳು. ಅವಳ ರೀಲು ಒಂದೇ ಒಂದು ಸಲವೂ ಖಾಲಿ ಹೋದದ್ದಿಲ್ಲ. ಅದನ್ನು ಹೇಳಿಕೊಳ್ಳುವುದರಲ್ಲಿ ಅವಳಿಗೆ ನಾಚಿಕೆಯೂ ಇರಲಿಲ್ಲ. ಬಾಗಿಲ ಮೇಲೆ ತಾನೇ ಬಣ್ಣದಲ್ಲಿ ಬರೆದ ಬೋರ್ಡು: 'ಇಲ್ಲಿ ತೆಗೆದ ಫೋಟೋ ಬಂದೇ ಬರುತ್ತದೆ.'

ನಾನು ಆಗ ಬಟ್ಟೆ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದೆ. ಕೆಲಸದ ಹೊತ್ತಿನಲ್ಲಿ ನಾವು ಹೊಲಿಯುವ ಹಾಲ್‌ನ ಹೊರಬಾಗಿಲಿಗೆ ಬೀಗ ಹಾಕುತ್ತಿದ್ದರು, ಯಾರೂ ನಡುವೆ ಎದ್ದು ಹೋಗಬಾರದೆಂದು. ಒಂದು ದಿನ ಇಸ್ತ್ರಿ ಮೇಜಿನ ವೈರು ಸುಟ್ಟು ಹಾಲಿನ ತುಂಬಾ ಹೊಗೆ ತುಂಬಿತು. ಬೀಗದ ಕೈ ಇದ್ದವನು ಹೊರಗೆ ಟೀ ಕುಡಿಯುತ್ತಿದ್ದ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಬಾಗಿಲಿಗೆ ಬಡಿದು ಬಡಿದು ನಮ್ಮ ಕೈ ಊದಿಕೊಂಡಿದ್ದವು. ಮರುದಿನ ನಮ್ಮ ಸಾಲಿನ ಹೆಂಗಸರೆಲ್ಲ ಮೆಷಿನ್ ನಿಲ್ಲಿಸಿ ಕೈಕಟ್ಟಿ ಕೂತೆವು. ಮ್ಯಾನೇಜರು ಬೈದ, ಗದರಿಸಿದ, ಕೊನೆಗೆ ಅಕ್ಕ ತಂಗಿ ಎಂದೆಲ್ಲ ಮಾತಾಡಿದ. ನಾವು ಜಪ್ಪಯ್ಯ ಅಂದರೂ ಏಳಲಿಲ್ಲ. ಸಂಜೆಯೊಳಗೆ ಬೀಗ ಬಿಚ್ಚಿಸಿದ.

ಗೆದ್ದೆವು ಅಂದುಕೊಂಡೆವು. ಮುಂದಿನ ವಾರ ಮ್ಯಾನೇಜರು ನಗುಮುಖದಿಂದ ಬಂದು, ನಿಮ್ಮ ಸಾಲಿನವರಿಗೆಲ್ಲ ಹೊಸ ಗುರುತಿನ ಕಾರ್ಡು, ನಾಳೆ ಫೋಟೋ ತೆಗೆಸುತ್ತೇನೆ ಅಂದ. ಬರುವವಳು ನಮ್ಮತ್ತೆ ಎಂದು ತಿಳಿದು ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲರೂ ತಲೆ ಬಾಚಿ ಒಳ್ಳೆಯ ಸೀರೆ ಉಟ್ಟು ಬಂದೆವು.

ಪ್ಯಾಕಿಂಗ್ ಕೋಣೆಯಲ್ಲಿ ಒಂದು ಸ್ಟೂಲು, ಹಿಂದೆ ಬಿಳಿ ಬಟ್ಟೆ. ಅತ್ತೆ ಬರುವಾಗಲೇ ಫಿಲ್ಮ್ ಹಾಕಿಕೊಂಡು ಬಂದಿದ್ದಳು. ಸ್ಟೂಲಿನ ಹತ್ತಿರ ಮೀಟರ್ ಹಿಡಿದು ನೋಡುತ್ತಿದ್ದಾಗ ಸೂಪರ್‌ವೈಸರ್ ಅವಳ ಕಿವಿಯ ಬಳಿ ಬಂದು ಏನೋ ಹೇಳಿ ಹೋದ. ಅತ್ತೆ ತಲೆ ಎತ್ತಲಿಲ್ಲ. ಮೀಟರನ್ನು ಹಿಡಿದೇ ಇದ್ದಳು, ಬಹಳ ಹೊತ್ತು. ಆಮೇಲೆ ಮುಖ ಗಂಟಿಕ್ಕಿ ಜೋರಾಗಿ ಅಂದಳು:

"ಬೆಳಕು ಸಾಲಲ್ಲ ಸಾರ್. ಮುಳ್ಳು ಮೇಲೇಳ್ತಾನೇ ಇಲ್ಲ. ಈ ಫಿಲ್ಮ್ ಆಗಲ್ಲ, ಬೇರೆ ಹಾಕ್ಬೇಕು."

ಬಾಗಿಲಲ್ಲಿದ್ದ ಮ್ಯಾನೇಜರು "ಏನಾದ್ರೂ ಮಾಡಿ, ಬೇಗ ಮುಗಿಸಿ" ಅಂದ. ಅತ್ತೆ ಎಲ್ಲರೆದುರಿಗೇ ಹಳೇ ರೀಲು ಸುತ್ತಿ ತೆಗೆದು, ಹೊಸದನ್ನು ಹಾಕಿ, ಟಪ್ಪೆಂದು ಬಾಗಿಲು ಮುಚ್ಚಿದಳು. ಆ ಕೋಣೆಯ ಕಿಟಕಿ ಗೋಡೆಯಗಲ, ಬಿಸಿಲು ಸುರಿಯುತ್ತಿತ್ತು. ಬೆಳಕು ಸಾಲದೆ ಏನಾಗಿತ್ತು ಎಂದು ನನಗೆ ಹೊಳೆಯಲಿಲ್ಲ.

ಒಬ್ಬೊಬ್ಬರಾಗಿ ಕೂತರು. ಪ್ರತಿಯೊಬ್ಬರ ಕೆನ್ನೆಯ ಹತ್ತಿರ ಮೀಟರ್ ಹಿಡಿದಳು, ಪ್ರತಿಯೊಬ್ಬರಿಗೂ ಎರಡು ಮೂಗಿನ ಡೈಲಾಗು ಹೇಳಿದಳು. ನನ್ನ ಸರದಿ ಬಂತು. ಅತ್ತೆ ಕಿಂಡಿಗೆ ಕಣ್ಣಿಟ್ಟಳು, ಕ್ಲಿಕ್ ಅನ್ನಿಸಿದಳು, ಸನ್ನೆ ಎಳೆದಳು. ನನ್ನ ಕಣ್ಣು ಅಭ್ಯಾಸಬಲದಿಂದ ಗುಂಡಿಯ ಕಡೆ ಹೋಯಿತು.

ಗುಂಡಿ ತಿರುಗಲಿಲ್ಲ.

ಜೀವಮಾನದಲ್ಲಿ ಮೊದಲ ಸಲ ಅತ್ತೆ ಫಿಲ್ಮ್ ಸರಿಯಾಗಿ ಹಾಕಿಲ್ಲ! ಅಷ್ಟು ಜನರ ಫೋಟೋ ಗಾಳಿಗೆ ಹೋಯಿತು! "ಅತ್ತೆ, ಗುಂ..." ಎಂದು ಬಾಯಿ ತೆರೆದೆ.

"ಬಾಯಿ ಮುಚ್ಚೇ. ಹಲ್ಲು ಕಾಣುತ್ತೆ" ಅಂದಳು. ಕ್ಯಾಮೆರಾದ ಮೇಲಿಂದ ನನ್ನನ್ನು ನೋಡಿದ ಆ ಕಣ್ಣು ಈಗಲೂ ನೆನಪಿದೆ. ತಪ್ಪು ಮಾಡಿದವರ ಕಣ್ಣಲ್ಲ ಅದು. ನಾನು ತೆಪ್ಪಗೆ ಬಾಯಿ ಮುಚ್ಚಿದೆ. ಅವಳು ನನ್ನದು ಇನ್ನೊಂದು ತೆಗೆದಳು. ಆಗಲೂ ಗುಂಡಿ ಅಲುಗಲಿಲ್ಲ.

ಸಂಜೆ ನೇರ ಸ್ಟುಡಿಯೋಗೆ ಹೋದೆ. ನಾನು ಕೇಳುವ ಮೊದಲೇ ಅತ್ತೆ ಹೇಳಿದಳು. "ಎರಡೆರಡು ಪ್ರತಿ ಬೇಕಂತೆ. ಒಂದು ನಿಮ್ಮ ಕಾರ್ಡಿಗೆ. ಇನ್ನೊಂದು ಸುತ್ತಮುತ್ತಲ ಫ್ಯಾಕ್ಟರಿಗಳ ಗೇಟಿಗೆ. ನಿಮ್ಮನ್ನೆಲ್ಲ ಒಬ್ಬೊಬ್ಬರಾಗಿ ತೆಗೆದುಹಾಕಿದ ಮೇಲೆ ಯಾರೂ ಸೇರಿಸ್ಕೋಬಾರದಂತೆ. ಆ ಸೂಪರ್‌ವೈಸರ್ ಹೇಳ್ದ, ಏನೋ ಜಾಣತನ ಮಾಡಿದೋನ ಹಾಗೆ."

"ಹಾಗಾದ್ರೆ ಆಗಲ್ಲ ಅಂತ ಮುಖದ ಮೇಲೆ ಹೇಳಿ ಬರಬೇಕಿತ್ತು!"

"ಹೇಳಿದ್ರೆ ಮಧ್ಯಾಹ್ನದೊಳಗೆ ಮ್ಯಾನೇಜರು ಇನ್ನೊಬ್ಬನ್ನ ಕರೆಸೋನು. ನೀವು ಅವನ ಮುಂದೂ ಹೀಗೇ ಹಲ್ಲು ಕಿರಿದು ಕೂತಿರ್ತಿದ್ರಿ. ಈಗ ಎಲ್ಲಾ ಫೋಟೋ ಆಗಿದೆ ಅಂತ ಅವನು ನೆಮ್ಮದಿಯಾಗಿದ್ದಾನೆ. ಹೋಗು, ಎಲ್ಲರಿಗೂ ಹೇಳು. ನನ್ನ ಹೆಸರು ಮಾತ್ರ ಎತ್ತಿದ್ರೆ ನೋಡು."

ಅವತ್ತು ಮನೆಮನೆಗೆ ಓಡಿದೆ. ಯಾರು ಹೇಳಿದರು ಎಂದು ಕೇಳಿದವರಿಗೆ, ಆಫೀಸಿನಲ್ಲಿ ಕಿವಿಗೆ ಬಿತ್ತು ಅಂದೆ.

ಅತ್ತೆ ಆ ರೀಲನ್ನು ನಿಯತ್ತಾಗಿ ತೊಳೆದು, ಒಣಗಿಸಿ, ಮ್ಯಾನೇಜರಿಗೆ ಹೇಳಿ ಕಳಿಸಿದಳು. ಅವನೇ ಬಂದ. ಉದ್ದಕ್ಕೂ ಗಾಜಿನಷ್ಟು ಖಾಲಿಯಾಗಿದ್ದ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಅಂಗಡಿಯಲ್ಲಿ ಫೋಟೋ ಒಯ್ಯಲು ಬಂದಿದ್ದ ಗಂಡಹೆಂಡತಿ ಇದ್ದರು, ಹಲ್ಲಿನ ಡಾಕ್ಟರ ಕಾಂಪೌಂಡರ್ ಇದ್ದ, ನಾನಿದ್ದೆ.

"ಏನಮ್ಮಾ ಇದು? ಒಂದು ಮುಖನೂ ಇಲ್ವಲ್ಲ!"

"ಫಿಲ್ಮ್ ಕಚ್ಕೊಂಡಿಲ್ಲ ಸಾರ್."

"ನಿನ್ನೆ ಮೊನ್ನೆ ಕ್ಯಾಮೆರಾ ಹಿಡಿದೋರು ಮಾಡೋ ತಪ್ಪಲ್ವಾ ಇದು?"

"ಹೌದು ಸಾರ್. ವಯಸ್ಸಾಯ್ತು. ಕೈ ತಪ್ಪಿತು."

ಅತ್ತೆಯ ಬಾಯಲ್ಲಿ ಆ ಮಾತು! ಮ್ಯಾನೇಜರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಹಾಗಾದ್ರೆ ಆ ಬೋರ್ಡು ಯಾವ ಸಂಭ್ರಮಕ್ಕೆ? ಇಳಿಸಿ ಅದನ್ನ!" ಅಂದ.

ಅತ್ತೆ ಸ್ಟೂಲು ತಂದಳು. ನಾನು ಅದರ ಕಾಲು ಹಿಡಿದುಕೊಂಡೆ. ಮೇಲೆ ಹತ್ತಿ, ತಾನೇ ಬರೆದ ಬೋರ್ಡನ್ನು ತಾನೇ ಇಳಿಸಿ, ಗೋಡೆಗೆ ಮುಖ ಮಾಡಿ ಇಟ್ಟಳು. ನನಗೆ ಅಳು ಬಂತು. ಸಿಟ್ಟಿನ ಅಳು. ಇವನ ಕೊರಳಪಟ್ಟಿ ಹಿಡಿದು ನಿಜ ಹೇಳಿಬಿಡಬೇಕು ಅನ್ನಿಸಿತು. ಅತ್ತೆ ಸ್ಟೂಲಿನಿಂದ ಇಳಿಯುವಾಗ ನನ್ನ ಕಾಲು ತುಳಿದಳು, ಚೆನ್ನಾಗಿಯೇ ತುಳಿದಳು.

ಮರುದಿನ ಮ್ಯಾನೇಜರು ಬೇರೆ ಫೋಟೋಗ್ರಾಫರನ್ನು ಕರೆತಂದ. ನಾವು ಒಬ್ಬೊಬ್ಬರಾಗಿ ಹೋಗಿ ಸ್ಟೂಲಿನ ಮೇಲೆ ಕೂತೆವು, ಅವನಿಗೆ ಬೆನ್ನು ಹಾಕಿ. ತಿರುಗಿ ಅಂದ, ತಿರುಗಲಿಲ್ಲ. ಅವನ ರೀಲಿನ ತುಂಬಾ ನಮ್ಮ ಜಡೆಗಳು, ತುರುಬುಗಳು. ಹಾಲಿನಲ್ಲಿ ಮಾಲು ರಾಶಿ ಬಿದ್ದಿತ್ತು. ಬೆನ್ನು ಹಾಕಿದವರನ್ನೆಲ್ಲ ಒಟ್ಟಿಗೆ ಕೆಲಸದಿಂದ ತೆಗೆದರೆ ಹೊಲಿಯುವವರು ಯಾರು? ಮ್ಯಾನೇಜರು ಹಲ್ಲು ಕಡಿದು ಸುಮ್ಮನಾದ. ಬಾಗಿಲಿಗೆ ಮತ್ತೆ ಬೀಗ ಬೀಳಲಿಲ್ಲ.

ಆದರೆ ಅತ್ತೆಯ ಹೆಸರು ಹೋಯಿತು. 'ಖಾಲಿ ರೀಲು' ಅನ್ನುವುದು ಮೀಟರಮ್ಮನಿಗಿಂತ ಬೇಗ ಬಾಯಿಗೆ ಹತ್ತಿತು. ಶಾಲೆಯ ಗುಂಪು ಫೋಟೋ ಬೇರೆಯವರ ಪಾಲಾಯಿತು. "ರೀಲು ಹಾಕಿದ್ದೀರಾ ಅಮ್ಮಾ?" ಎಂದು ದಾರಿಹೋಕರು ಕೇಳಿದರೆ "ನಿನ್ನ ಮುಖಕ್ಕೆ ಖಾಲಿಯೇ ಸಾಕು" ಎಂದು ಹೇಳಿ ಹೋಗುತ್ತಿದ್ದಳು. ನಾನು ಕುದಿಯುತ್ತಿದ್ದೆ. ಅವಳು ನನಗೇ ಬೈಯುತ್ತಿದ್ದಳು. "ಹೆಸರು ಹೋದ್ರೆ ಹೋಗ್ಲಿ ಬಿಡೇ. ಕ್ಯಾಮೆರಾಗೇನು ನನ್ನ ಹೆಸರು ಗೊತ್ತಾ?"

ಒಂದು ಮಧ್ಯಾಹ್ನ ಮಾತ್ರ ಒಳಕೋಣೆಯಲ್ಲಿ ಬೇರೆಯೇ ಅತ್ತೆಯನ್ನು ಕಂಡೆ. ಫಿಲ್ಮ್ ಹಾಕುತ್ತಾಳೆ, ಬಾಗಿಲು ತೆಗೆಯುತ್ತಾಳೆ, ಬಿಚ್ಚಿ ಮತ್ತೆ ಹಾಕುತ್ತಾಳೆ. ನನ್ನನ್ನು ನೋಡಿ ಮೆಲ್ಲಗೆ ಅಂದಳು: "ಎಲ್ಲರೂ ಹೇಳಿ ಹೇಳಿ, ಅವತ್ತು ಬೇಕಂತಲೇ ಮಾಡಿದ್ನಾ, ನಿಜವಾಗ್ಲೂ ಕೈ ತಪ್ಪಿತಾ ಅಂತ ನನಗೇ ಒಂದೊಂದ್ಸಲ ಅನುಮಾನ ಬರುತ್ತೆ ಕಣೇ." ಆ ಮಾತು ನನ್ನಿಂದ ತಡೆಯಲಾಗಲಿಲ್ಲ. ಅವತ್ತೇ ನಮ್ಮ ಸಾಲಿನ ಹೆಂಗಸರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಹೊರಗೆ ಬಾಯಿ ಬಿಡಬೇಡಿ ಎಂದು ಆಣೆ ಹಾಕಿಸಿಕೊಂಡೆ, ಅವರು ಬಿಡಲೂ ಇಲ್ಲ.

ಮುಂದಿನ ರಜೆಯ ದಿನ ಅವರೆಲ್ಲ ಸ್ಟುಡಿಯೋಗೆ ನುಗ್ಗಿದರು. ಬಡಗಿಯ ಹತ್ತಿರ ಮಾಡಿಸಿದ ದೊಡ್ಡ ಚೌಕಟ್ಟೊಂದನ್ನು ಹೊತ್ತು ತಂದಿದ್ದರು. ಒಳಗೆ ಏನೂ ಇರಲಿಲ್ಲ. ನಮ್ಮ ಸಾಲಿನಲ್ಲಿ ಅಂಗಿಯ ಕಾಜ ಹೊಲಿಯುವ ದೊಡ್ಡಕ್ಕ ಸ್ಟೂಲು ಹತ್ತಿ, ಬೋರ್ಡು ಇದ್ದ ಅದೇ ಮೊಳೆಗಳಿಗೆ ಅದನ್ನು ತೂಗುಹಾಕಿದಳು.

"ನಮ್ಮ ಫೋಟೋ ಇನ್ನೂ ಬಂದಿಲ್ಲ" ಅಂದಳು. "ತೆಗೀರಿ. ರಸ್ತೆಗೆ ಕಾಣೋ ಹಾಗೆ ಇಲ್ಲೇ ಇರಲಿ. ನಮ್ಮ ಮುಖ ಬೇಕಾದೋನು ಬಂದು ನೋಡ್ಕೊಳ್ಳಲಿ."

ಅತ್ತೆ ನನ್ನ ಕಡೆ ತಿರುಗಿ ನುಂಗುವ ಹಾಗೆ ನೋಡಿದಳು. ನಾನೂ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಕ್ಯಾಮೆರಾ ತಂದಳು. ರೀಲಿನ ನಾಲಿಗೆ ಎಳೆದಳು. ಸೀಳಿಗೆ ಸಿಕ್ಕಿಸಿ, ಹಲ್ಲು ಕೂರಿಸಿ, ಬಾಗಿಲು ಮುಚ್ಚಿದಳು. ಸನ್ನೆಯ ಮೇಲೆ ಬೆರಳಿಟ್ಟು ನಿಂತುಬಿಟ್ಟಳು, ಎಳೆಯಲಿಲ್ಲ. ಕ್ಯಾಮೆರಾವನ್ನು ನನ್ನ ಮುಖದ ಹತ್ತಿರ ತಂದು, ತಾನು ಬೇರೆ ಕಡೆ ನೋಡುತ್ತ ಎಳೆದಳು.

"ತಿರುಗ್ತಾ?"

"ತಿರುಗ್ತು ಅತ್ತೆ."

"ಸರಿಯಾಗಿ ನೋಡಿ ಹೇಳೇ."

ಇನ್ನೊಂದು ಸಲ ಎಳೆದಳು. ಈ ಸಲ ಹೆಂಗಸರೆಲ್ಲ ಕತ್ತು ಚಾಚಿ ಸುತ್ತ ನಿಂತಿದ್ದರು, ಗುಂಡಿ ತಿರುಗುವುದನ್ನು ಎಲ್ಲರೂ ನೋಡಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಗದರಿದಳು: "ಏನ್ ನೋಡ್ತಾ ನಿಂತಿದ್ದೀರಿ? ಹೋಗಿ ಸಾಲಾಗಿ ನಿಂತ್ಕೊಳ್ಳಿ. ಒಬ್ಬೊಬ್ಬರಿಗೂ ಎರಡೆರಡು ಮೂಗಿದೆ, ಎಲ್ಲ ಒಂದು ಮಾಡ್ಬೇಕು ನಾನು."